ಸ್ನೇಹದ ಮರೆಯಲ್ಲಿ

ಗಾಂಜಾ ಎಂಬುದು ನನಗೆ ವಿಶ್ವವಿದ್ಯಾಲಯದಲ್ಲಿ ಪರಿಚಯವಾದ ವಸ್ತುವಲ್ಲ. ಮಲಪ್ರಭೆಯ ದಡದ ನಮ್ಮ ಹಳ್ಳಿಯಲ್ಲಿ, ಹನುಮಪ್ಪನ ಗುಡಿಯ ಹಿಂದಿನ ಕಟ್ಟೆಯ ಮೇಲೆ, ಜಾತ್ರೆಯಿಂದ ಜಾತ್ರೆಗೆ ನಡೆಯುವ ಗೋಸಾವಿಗಳೂ ಏಕತಾರಿ ಹಿಡಿದ ಭಜನೆಯ ಮುದುಕರೂ ಕಲೆತು ಕುಳಿತು, ಒದ್ದೆ ಅರಿವೆಯ ತುಂಡನ್ನು ಚಿಲುಮೆಯ ಬುಡಕ್ಕೆ ಸುತ್ತಿ, ಒಬ್ಬರ ಕೈಯಿಂದ ಇನ್ನೊಬ್ಬರು ಇಸಿದುಕೊಂಡು ಸೇದುತ್ತಿದ್ದುದನ್ನು ನಾನು ಬಾಲ್ಯದಿಂದಲೂ ಕಂಡಿದ್ದೆನು. ಹೋಳಿ ಹುಣ್ಣಿಮೆಯಲ್ಲಿ ಭಂಗಿಯ ಸೊಪ್ಪನ್ನು ಅರೆದು ಹಾಲಿಗೆ ಬೆರೆಸಿ ಕುಡಿಯುವ ವಾಡಿಕೆ ಹುಬ್ಬಳ್ಳಿ ಧಾರವಾಡಗಳಲ್ಲಿ ಉಂಟು. ಕೃಷ್ಣೆಯ ತೀರದ ತಿಂಥಣಿಯಲ್ಲಿ ಮೌನೇಶ್ವರನ ಭಕ್ತರಿಗೆ ಗಾಂಜಾ ಪ್ರಸಾದವೇ ಆಗಿದೆ. ಆದರೆ ಆ ಕಟ್ಟೆಗೆ ಒಂದು ಅಲಿಖಿತ ಶಾಸನವಿದ್ದಿತು. ಮೀಸೆ ಚಿಗುರದ ಹುಡುಗನು ಅತ್ತ ಸುಳಿದರೆ ಸೇದುವ ಮುದುಕರೇ ಮೊದಲು ಗದರಿಸಿ ಮನೆಗೆ ಅಟ್ಟುತ್ತಿದ್ದರು. ಉಳುಮೆಯ ದಿನಗಳಲ್ಲಿ ಚಿಲುಮೆಯನ್ನು ಹಿಡಿದವನಿಗೆ ಮನೆಯ ಹೆಂಗಸರು ರೊಟ್ಟಿಯ ಜತೆಗೆ ನಾಲ್ಕು ಮಾತನ್ನೂ ಬಡಿಸುತ್ತಿದ್ದರು. ಆ ಶಾಸನ ಎಲ್ಲರನ್ನೂ ಕಾಯಿತೆಂದು ನಾನು ಹೇಳಲಾರೆ. ನಮ್ಮ ಊರಿನಲ್ಲಿಯೇ ಒಬ್ಬ ಗೃಹಸ್ಥನು ಆ ಹೊಗೆಯಲ್ಲಿ ಎಂಟೆಕರೆ ಎರೆಹೊಲವನ್ನು ಕಳೆದುಕೊಂಡು, ಕಡೆಗೆ ಮಗಳ ಮನೆಯ ಪಡಸಾಲೆಯಲ್ಲಿ ದಿನ ನೂಕಿದನು. ಆದರೂ ಯಾರು, ಯಾವಾಗ, ಯಾರ ಕಣ್ಣೆದುರಿಗೆ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದ್ದಿತು.

1972ರಲ್ಲಿ ನಾನು ಧಾರವಾಡಕ್ಕೆ ಅಧ್ಯಾಪಕನಾಗಿ ಬಂದು, ಕೆಲವು ಕಾಲದ ಮೇಲೆ ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡಾಗ, ಅದೇ ಸೊಪ್ಪನ್ನು ಆ ಮೂರು ಪ್ರಶ್ನೆಗಳಿಲ್ಲದ ಸ್ಥಳದಲ್ಲಿ ನೋಡುವ ಪ್ರಸಂಗ ಒದಗಿತು. ವಿಜಾಪುರ, ರಾಯಚೂರು, ಗದಗು, ಬಾಗಲಕೋಟೆಗಳ ಕಡೆಯಿಂದ ಬಂದ ಆ ಹುಡುಗರಲ್ಲಿ ಅನೇಕರು ತಮ್ಮ ವಂಶದಲ್ಲಿಯೇ ಮೊದಲ ಬಾರಿಗೆ ಪದವಿಯ ಮೆಟ್ಟಿಲನ್ನು ಹತ್ತಿದವರು. ತಿಂಗಳಿಗೊಮ್ಮೆ ಮನೆಯಿಂದ ಬರುವ ಮನಿಯಾರ್ಡರಿಗೆ ಅವರೇ ಯಜಮಾನರು. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದಕ್ಕೂ ಅವರೇ ಯಜಮಾನರು. ಧಾರವಾಡದ ಮಳೆಯೋ ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರಿನವರೆಗೆ ಮನುಷ್ಯನನ್ನು ಕೋಣೆಯ ಹೊರಗೆ ಬಿಡುವಂಥದಲ್ಲ. ಮೇಲಾಗಿ ಗೋವೆ ಹತ್ತಿರ. ಲೋಂಡಾ ಮಾರ್ಗವಾಗಿ ವಾಸ್ಕೋಗೆ ಹೋಗುವ ಮೀಟರ್ ಗೇಜ್ ಗಾಡಿಯಲ್ಲಿ ಒಂದು ರಾತ್ರಿ ಕುಳಿತರೆ, ಅಂಜುಣೆಯ ಮರಳಿನ ಮೇಲೆ ಯುರೋಪಿನ ಹಿಪ್ಪಿಗಳು ಸಂಸಾರವನ್ನು ಮರೆತು ಕುಳಿತ ನೋಟ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಹುಡುಗರಿಗೆ ಅಜ್ಜನ ಚಿಲುಮೆಯಲ್ಲಿ ಕಾಣದ ಘನತೆ ಆ ಬಿಳಿಯರ ಚಿಲುಮೆಯಲ್ಲಿ ಕಂಡದ್ದು ಸ್ವಾಭಾವಿಕವೆಂದೇ ನನಗೆ ತೋರುತ್ತದೆ.

ವಿದ್ಯಾವಂತನ ಚಟಕ್ಕೆ ಪ್ರಮಾಣಗ್ರಂಥಗಳ ಅಭಾವವಿರುವುದಿಲ್ಲ. ಶಿಶುನಾಳ ಶರೀಫರು ಗುಡುಗುಡಿಯನ್ನೇ ರೂಪಕವನ್ನಾಗಿ ಮಾಡಿ ಹಾಡಿದ್ದಾರಲ್ಲವೆ ಎಂದು ಸಾಹಿತ್ಯದ ಹುಡುಗರು ಕೇಳುವರು. 1893–94ರಲ್ಲಿ ಬ್ರಿಟಿಷ್ ಸರಕಾರವೇ ನೇಮಿಸಿದ ಗಾಂಜಾ ಆಯೋಗವು ಮಿತಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲವೆಂದು ಸಂಪುಟಗಟ್ಟಲೆ ಬರೆದಿಲ್ಲವೆ ಎಂದು ಇತಿಹಾಸದ ಹುಡುಗರು ವಾದಿಸುವರು. ಬರೆದದ್ದು ನಿಜ, ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಕಾರಣ ತಿಳಿಯದ ಚಿತ್ತಭ್ರಮೆಗೆಲ್ಲ ಗಾಂಜಾವೇ ಕಾರಣವೆಂದು ಗುಮಾಸ್ತರು ಗೀಚುತ್ತಿದ್ದ ಪದ್ಧತಿಯನ್ನು ಆ ಆಯೋಗ ಪರಿಶೀಲಿಸಿ ಬಯಲಿಗೆಳೆದದ್ದೂ ನಿಜ. ಆದರೆ ಅದೇ ಆಯೋಗ ಅತಿಸೇವನೆಯ ಕೇಡನ್ನು ಕುರಿತು ಬರೆದ ಪುಟಗಳನ್ನು ಯಾವ ಹುಡುಗನೂ ನನ್ನೆದುರಿಗೆ ಉದ್ಧರಿಸಲಿಲ್ಲ.

ನಾನು ವಿಶೇಷವಾಗಿ ನೆನೆಯುವುದು, ಈ ವಾದವನ್ನು ಎಲ್ಲರಿಗಿಂತ ಸೊಗಸಾಗಿ ಮಾಡುತ್ತಿದ್ದ ಒಬ್ಬ ಹುಡುಗನನ್ನು. ಅವನು ಗದಗಿನ ಕಡೆಯವನು. ರೋಣ ತಾಲೂಕಿನ ಎರೆಯ ನೆಲದಲ್ಲಿ ಹತ್ತಿ, ಜೋಳ ಬೆಳೆಯುವ ಮನೆತನ. 1982ರಲ್ಲಿ ಇತಿಹಾಸದ ಎಂ.ಎ. ತರಗತಿಗೆ ಬಂದನು. ಅವನ ಅಜ್ಜ ಶ್ರಾವಣಮಾಸದುದ್ದಕ್ಕೂ ಊರ ಗುಡಿಯಲ್ಲಿ ಕುಮಾರವ್ಯಾಸ ಭಾರತವನ್ನು ವಾಚನ ಮಾಡುತ್ತಿದ್ದವರಾದ್ದರಿಂದ, ಓದುಬರಹ ಬರುವ ಮೊದಲೇ ಈ ಹುಡುಗನ ಕಿವಿಗೆ ಷಟ್ಪದಿ ಬಿದ್ದಿತ್ತು. ಕರ್ಣಪರ್ವದ ಸಂಧಿಗಳನ್ನು ಅವನು ಪುಸ್ತಕವಿಲ್ಲದೆ ಹೇಳುತ್ತಿದ್ದನು. ಭಾಮಿನಿಯ ಮೂರನೆಯ ಪಾದ ನೀಳವಾಗಿ ಸಾಗಿ ಕೊನೆಯ ಗುರುವಿನ ಮೇಲೆ ನಿಂತಾಗ, ಅವನೂ ಒಂದು ಕ್ಷಣ ಉಸಿರು ಹಿಡಿದು, ಕೇಳುವವರನ್ನು ತೂಗಿನೋಡಿ, ಆಮೇಲೆ ನಾಲ್ಕನೆಯ ಪಾದಕ್ಕೆ ಇಳಿಯುವ ರೀತಿ ಬಹಳ ಚೆಲುವಾದುದು.

ಮೊದಲನೆಯ ವರ್ಷ ಕಳೆಯುವುದರೊಳಗೆ ಅವನ ಹಗಲು ರಾತ್ರಿಗಳು ಅದಲುಬದಲಾದವು. ಮಧ್ಯಾಹ್ನದ ಊಟದ ಗಂಟೆಗೆ ಏಳುವನು. ನಡುರಾತ್ರಿಯಲ್ಲಿ ಹಸಿದು ಲೈನ್ ಬಜಾರದ ಪೇಢೆಯನ್ನು ಪೊಟ್ಟಣಗಟ್ಟಲೆ ತಿನ್ನುವನು. ಗ್ರಂಥಾಲಯದಿಂದ ತಂದ ಪುಸ್ತಕ ಅದೇ ಪುಟದಲ್ಲಿ ಮಗುಚಿದಂತೆ ವಾರಗಟ್ಟಲೆ ಮಂಚದ ಕೆಳಗಿರುವುದು. ವಿಚಾರಿಸಲು ನಾನು ಹೋದಾಗಲೆಲ್ಲ ಬಾಗಿಲಲ್ಲಿ ಎದುರಾಗುತ್ತಿದ್ದವರು ಅವನ ಗೆಳೆಯರು. "ಅವಗ ಜ್ವರಾ ಬಂದಾವ್ರಿ ಸರ, ಮಲಗ್ಯಾನ," ಎಂದು ಒಬ್ಬನು ಹೇಳುವನು. ತರಗತಿಯಲ್ಲಿ ಹಾಜರಿ ಕೂಗಿದರೆ ಇನ್ನೊಬ್ಬನು ಅವನ ಪರವಾಗಿ ಓಗೊಡುವನು. ಮೂರನೆಯವನು ಊಟದ ಮನೆಯ ಬಾಕಿಯನ್ನು ತನ್ನ ಹಣದಿಂದ ತೀರಿಸುವನು. ನಾಲ್ಕನೆಯವನು, ಮನೆಯಿಂದ ಬಂದ ಕಾಗದಗಳಿಗೆ ಅವನು ಉತ್ತರಿಸದೆ ಹೋದಾಗ, ಅವನ ಅಕ್ಷರವನ್ನು ಅನುಕರಿಸಿ, ಅಭ್ಯಾಸ ಚೆನ್ನಾಗಿ ನಡೆದಿದೆಯೆಂದು ತಂದೆಗೆ ಬರೆದು ಹಾಕುವನು. ಇವರಲ್ಲಿ ಯಾರೊಬ್ಬರೂ ಕೆಟ್ಟವರಲ್ಲ. ಒಬ್ಬರಿಗೊಬ್ಬರು ಆಗುವುದು, ಕೊಟ್ಟ ಸಾಲವನ್ನು ಕೇಳದಿರುವುದು, ಗೆಳೆಯನ ಗುಟ್ಟನ್ನು ಪ್ರಾಣ ಹೋದರೂ ಹಿರಿಯರಿಗೆ ಬಿಡದಿರುವುದು, ಇವೇ ವಿದ್ಯಾರ್ಥಿನಿಲಯವೆಂಬ ಸಂಸ್ಥೆಯ ಸದ್ಗುಣಗಳು. ನಾವು ಹಿರಿಯರಾದ ಮೇಲೆ ಕಣ್ಣೀರು ತಂದುಕೊಂಡು ಸ್ಮರಿಸುವುದೂ ಇವನ್ನೇ. ಹಳ್ಳಿಯ ಕಟ್ಟೆಯಲ್ಲಿ ಚಿಲುಮೆಗೆ ಮುದುಕರ ಕಾವಲಿತ್ತು, ಇಲ್ಲಿ ಅದರ ಕಾವಲಿಗೆ ನಿಂತದ್ದು ಸ್ನೇಹ. ಆ ಕಾವಲು ಹುಡುಗನನ್ನು ಚಿಲುಮೆಯಿಂದ ರಕ್ಷಿಸುವುದಕ್ಕಲ್ಲ, ಚಿಲುಮೆಯನ್ನು ನಮ್ಮಿಂದ ರಕ್ಷಿಸುವುದಕ್ಕೆ.

ಆ ವರ್ಷದ ನಾಡಹಬ್ಬದಲ್ಲಿ ಅವನನ್ನು ವಾಚನಕ್ಕೆ ಕೂಡಿಸಿದರು. ಎರಡು ಪದ್ಯಗಳು ಸುಸೂತ್ರವಾಗಿ ಸಾಗಿದವು. ಮೂರನೆಯ ಪದ್ಯದ ಮೂರನೆಯ ಪಾದದ ತುದಿಯಲ್ಲಿ ಎಂದಿನಂತೆ ನಿಂತನು. ಆ ನಿಲುಗಡೆಯ ಅಭ್ಯಾಸವಿದ್ದ ನಾವೆಲ್ಲ ನಾಲ್ಕನೆಯ ಪಾದಕ್ಕೆ ಕಾದೆವು. ಅದು ಬರಲಿಲ್ಲ. ಅವನು ಸಣ್ಣಗೆ ನಕ್ಕು, ಮತ್ತೆ ಪದ್ಯದ ಮೊದಲಿಗೆ ಹೋಗಿ, ಅದೇ ರಾಗದಲ್ಲಿ ಅದೇ ತುದಿಗೆ ಬಂದು, ಅಲ್ಲಿಯೇ ನಿಂತನು. ತೆರೆದ ಬಾಯಿ ತೆರೆದೇ ಇತ್ತು; ತೊಡೆಯ ಮೇಲೆ ತಾಳ ಹಾಕುತ್ತಿದ್ದ ಬೆರಳು ಮಾತ್ರ ಎರಡು ಸಲ ಸುಮ್ಮನೆ ಬಡಿದು ಸುಮ್ಮನಾಯಿತು. ಆಗ ಹಿಂದಿನ ಸಾಲಿನಲ್ಲಿದ್ದ ಅವನ ಗೆಳೆಯರು, ವಾಚನ ಅಲ್ಲಿಗೆ ಮುಗಿಯಿತೋ ಎಂಬಂತೆ, ಜೋರಾಗಿ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಅಧ್ಯಕ್ಷತೆ ವಹಿಸಿದ್ದ ಮಹನೀಯರು ತಮ್ಮ ಭಾಷಣದಲ್ಲಿ ಆ ವಾಚನವನ್ನು ಮುಕ್ತಕಂಠದಿಂದ ಪ್ರಶಂಸಿಸಿದರು.

ಗಾಂಜಾ ಒಂದೇ ಆಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಆ ಕಾಲದಲ್ಲಿ ಅದಕ್ಕೆ ಎರಡು ಸಹಚರ ಪದಾರ್ಥಗಳು ದೊರೆತಿದ್ದವು. ಒಂದು, ಮ್ಯಾಂಡ್ರಾಕ್ಸ್ ಎಂಬ ನಿದ್ದೆಯ ಮಾತ್ರೆ. ಅದರ ಮೂಲದ್ರವ್ಯವಾದ ಮೆಥಾಕ್ವಲೋನನ್ನು 1951ರಲ್ಲಿ ಕಾಕರ್ ಮತ್ತು ಜಹೀರ್ ಎಂಬ ನಮ್ಮ ದೇಶದ ರಸಾಯನಶಾಸ್ತ್ರಜ್ಞರೇ ಮೊದಲು ತಯಾರಿಸಿದರೆಂಬುದು ವಿಧಿಯ ವಿನೋದವೆನ್ನಬೇಕು. ಆ ಮಾತ್ರೆಯನ್ನು ನುಂಗಿ, ಬರುವ ನಿದ್ದೆಯನ್ನು ಹಟದಿಂದ ತಡೆಹಿಡಿದು ಎಚ್ಚರವಾಗಿದ್ದರೆ ಒಂದು ಬಗೆಯ ತೇಲುವ ಸ್ಥಿತಿ ಬರುವುದೆಂದು ಹುಡುಗರು ಕಂಡುಕೊಂಡಿದ್ದರು. ಅದರ ಮೇಲೆ ಮದ್ಯವನ್ನು ಕುಡಿದರೆ ಉಸಿರೇ ನಿಲ್ಲುವ ಅಪಾಯವುಂಟೆಂಬುದನ್ನು ಕಂಡುಕೊಂಡಿರಲಿಲ್ಲ. ಎರಡನೆಯದು ಬ್ರೌನ್ ಶುಗರ್. 1979ರಲ್ಲಿ ಇರಾನಿನ ಕ್ರಾಂತಿ, ಅದರ ಬೆನ್ನಿಗೇ ಅಫಘಾನಿಸ್ತಾನದ ಯುದ್ಧ. ಅಫೀಮಿನ ವ್ಯಾಪಾರದ ಹಳೆಯ ದಾರಿಗಳು ಕೆಟ್ಟು, ಅರೆಬರೆ ಶುದ್ಧಿಯ ಹೆರಾಯಿನ್ ಪಾಕಿಸ್ತಾನದ ಮೂಲಕ ದಿಲ್ಲಿ, ಮುಂಬಯಿಗಳಿಗೆ ಹರಿಯತೊಡಗಿತು. ದೂರದ ರಾಜಕೀಯದ ಫಲ ಧಾರವಾಡದ ಒಂದು ಕೋಣೆಯನ್ನು ತಲುಪಲು ಮೂರು ನಾಲ್ಕು ವರ್ಷ ಸಾಕಾಯಿತು. ದೀಪಾವಳಿಯ ರಜೆಯಲ್ಲಿ ಗೋವೆಗೆ ಹೋಗಿಬಂದ ತಂಡ ಅದನ್ನು ತಂದಿತೆಂದು ಆಮೇಲೆ ತಿಳಿಯಿತು.

ಕಸ ಗುಡಿಸುವ ಮುದುಕಿ ಒಂದು ದಿನ ನನ್ನ ಕೋಣೆಗೆ ಬಂದು, ಸೆರಗಿನಲ್ಲಿ ಕಟ್ಟಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿದಳು. ಸಿಗರೇಟಿನ ಪಾಕೀಟಿನೊಳಗಿನ ಬೆಳ್ಳಿಯ ಬಣ್ಣದ ತೆಳು ಹಾಳೆಗಳು. ಕಾಗದದ ಪದರವನ್ನು ಸುಟ್ಟು ತೆಗೆದು ಸಪಾಟು ಮಾಡಿದವು. ಒಂದೊಂದರ ಮೇಲೂ ಬಸವನಹುಳ ಹರಿದು ಹೋದಂತೆ ಅಂಕುಡೊಂಕಾದ ಒಂದು ಕಂದು ಗೆರೆ, ಕೆಳಗೆ ಕಡ್ಡಿಯ ಉರಿ ತಾಗಿದ ಮಸಿ. ಪುಡಿಯನ್ನು ಹಾಳೆಯ ಮೇಲಿಟ್ಟು ಕೆಳಗಿನಿಂದ ಕಾಯಿಸಿ, ಕರಗಿ ಹರಿಯುವ ಹನಿಯ ಹೊಗೆಯನ್ನು ಕೊಳವೆಯಿಂದ ಬೆನ್ನಟ್ಟಿ ಸೇದುವ ಆ ಕ್ರಮಕ್ಕೆ ಮುಂಬಯಿಯಿಂದ ಬಂದ ಹೆಸರು 'ಪನ್ನಿ'. "ಇವೇನ್ರಿ ಯಪ್ಪಾ, ದಿನಾ ಇಷ್ಟಿಷ್ಟು ಸಿಗತಾವು," ಎಂದಳು ಮುದುಕಿ. ಆ ನಿಲಯದ ವಿದ್ಯಾವಂತರಾರೂ ನನಗೆ ಹೇಳದ ಸಂಗತಿಯನ್ನು ಹೇಳಿದವಳು ಆಕೆ.

ಇತ್ತ ನಾನು ಕೋಣೆ ಕೋಣೆ ವಿಚಾರಿಸುತ್ತಿರುವಾಗಲೇ ಅತ್ತ ಇನ್ನೊಂದು ಕೆಲಸ ನಡೆದಿತ್ತು. ಹುಡುಗನ ಸಹವಾಸಿ, ರಾಯಚೂರಿನ ಕಡೆಯ, ಗಣಿತವನ್ನು ಓದುತ್ತಿದ್ದ, ಮಾತು ಕಡಮೆಯ ಒಬ್ಬ ತರುಣನು, ರೋಣಕ್ಕೆ ಒಂದು ಕಾರ್ಡು ಬರೆದು ಹಾಕಿದ್ದನು. ಅದರಲ್ಲಿ ಪುಡಿಯ ಹೆಸರಿಲ್ಲ, ದೂರಿಲ್ಲ. ನಿಮ್ಮ ಮಗನ ಪ್ರಕೃತಿ ಸರಿಯಿಲ್ಲ, ತಡಮಾಡದೆ ಬರಬೇಕು ಎಂದಿಷ್ಟೆ. ಕಾರ್ಡು ಮುಟ್ಟಿದ ಮರುದಿನದ ಮೊದಲ ಬಸ್ಸಿಗೆ ತಂದೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಆ ದಿನ ಹುಡುಗನಿಗೆ ಪುಡಿ ದೊರೆತಿರಲಿಲ್ಲವಾಗಿ, ನೆಗಡಿಯಾದವನಂತೆ ಕಣ್ಣು ಮೂಗುಗಳು ಸೋರುತ್ತಿದ್ದವು; ಬಿಡದೆ ಆಕಳಿಕೆ; ಮೈಯೆಲ್ಲ ನವಿರೆದ್ದು, ಕಾಲುಗಳು ಸೆಳೆದು, ಮಂಚದ ಮೇಲೆ ಹೊರಳುತ್ತಿದ್ದನು. ತಂದೆ ಏನನ್ನೂ ಕೇಳಲಿಲ್ಲ. ನೀರು ಕಾಯಿಸಲು ಹೇಳಿ, ಚಿಕ್ಕ ಮಗುವಿಗೆ ಮಾಡುವಂತೆ ಅಂಗಿ ಬಿಚ್ಚಿ ಮೈ ಒರೆಸತೊಡಗಿದರು. ಕೈ ಸೊಂಟದ ಬಳಿಗೆ ಬಂದು ನಿಂತಿತು. ಬೆಳ್ಳಿಯ ಉಡದಾರವಿರಲಿಲ್ಲ. ಪುಸ್ತಕಗಳು, ಕೈಗಡಿಯಾರ, ಸೈಕಲ್ಲು ಒಂದೊಂದಾಗಿ ಹೋದದ್ದನ್ನು ಗೆಳೆಯರು ಬಲ್ಲರು. ಇದು ಹೋದದ್ದನ್ನು ಯಾರೂ ಅರಿಯರು. ಉಡದಾರವಿಲ್ಲದ ಗಂಡುಮೈಯನ್ನು ಕಣ್ಣಿನಿಂದ ಕಾಣಬಾರದೆಂಬ ಭಾವನೆಯ ಸೀಮೆ ಅದು. "ಉಡದಾರ ಎಲ್ಲೈತೋ?" ಎಂದರು. "ಕಳದೈತಿ," ಎಂದನು ಹುಡುಗ, ಗೋಡೆಯ ಕಡೆಗೆ ತಿರುಗಿ. ಆ ಯಜಮಾನರು ತಮ್ಮ ಸೊಂಟದ ಉಡದಾರವನ್ನು ಬಿಚ್ಚಿ ಮಗನಿಗೆ ಕಟ್ಟಿ, ತಮಗೆ ರೊಟ್ಟಿಯ ಗಂಟಿನ ದಾರವನ್ನು ಕಟ್ಟಿಕೊಂಡರು.

ಟಾಂಗಾದಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ದೆವು. ಧಾರವಾಡದ ಆ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ್ದು. ಸುತ್ತಣ ಜಿಲ್ಲೆಗಳ ಬೈಗುಳದಲ್ಲಿ 'ಧಾರವಾಡಕ್ಕ ಕಳಸಬೇಕು' ಎಂದರೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ. ಹೆಬ್ಬಾಗಿಲು ಕಂಡೊಡನೆ ತಂದೆ ಟಾಂಗಾದಿಂದ ಇಳಿದು ನಿಂತುಬಿಟ್ಟರು. "ಸಾಹೇಬ್ರ, ಹುಚ್ಚರ ದವಾಖಾನಿಗೆ ಯಾಕ್ ತಂದ್ರಿ? ನನ್ನ ಮಗಗ ಹುಚ್ಚ ಹಿಡದಿಲ್ಲಲ್ರೀ?" ಮಗನು ಮಾದಕದ್ರವ್ಯಕ್ಕೆ ದಾಸನಾದನೆಂಬ ಮಾತಿಗಿಂತ, ಈ ಬಾಗಿಲಿನ ಒಳಗೆ ಹೋಗಿಬಂದನೆಂಬ ಮಾತಿಗೆ ಅವರು ಹೆಚ್ಚು ಅಂಜಿದರು. ತಪ್ಪೆನ್ನಲಾರೆ, ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

ಅಲ್ಲಿನ ತರುಣ ವೈದ್ಯರು ಅವರನ್ನು ಹೊರಗಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಹೇಳಿದ ಮಾತುಗಳು ನನಗೂ ಹೊಸವು. ನೋವನ್ನು ತಣಿಸುವ ಅಫೀಮಿನಂಥ ದ್ರವ್ಯವನ್ನು ಮನುಷ್ಯದೇಹ ತಾನೇ ತಯಾರಿಸಿಕೊಳ್ಳುತ್ತದೆ. ಅಂಥವು ಹೋಗಿ ನೆಲೆಗೊಳ್ಳುವ ತಾಣಗಳು ಮಿದುಳಿನಲ್ಲಿರುವುದು 1973ರಲ್ಲಿಯೂ, ದೇಹದ ಸ್ವಂತ ದ್ರವ್ಯಗಳು 1975ರಲ್ಲಿಯೂ ವಿಜ್ಞಾನಿಗಳಿಗೆ ಗೊತ್ತಾದವು. ಹೊರಗಿನಿಂದ ಹೇರಳವಾಗಿ ಬರತೊಡಗಿದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಬಂದದ್ದು ಒಮ್ಮೆಲೇ ನಿಂತರೆ ದೇಹದ ಪ್ರತಿಯೊಂದು ಅಂಗವೂ ಅಳುತ್ತದೆ. ಎರಡು ಮೂರನೆಯ ದಿನ ಪರಮಾವಧಿ, ವಾರದೊಳಗೆ ಇಳಿತ. ಆದರೆ ಆ ವಾರ ಕಳೆದ ಮೇಲೆಯೇ ನಿಜವಾದ ಅಪಾಯವೆಂದು ಅವರು ಒತ್ತಿ ಹೇಳಿದರು: ತಾಳುವ ಶಕ್ತಿ ಅಷ್ಟರಲ್ಲಿ ಕುಗ್ಗಿರುವುದರಿಂದ, ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡವನು ಅದರಿಂದಲೇ ಸಾಯಬಹುದು. ವಾಚನದ ಪ್ರಸಂಗವನ್ನು ನಾನು ಹೇಳಿದಾಗ, ಗಾಂಜಾದ ಸತ್ವ ದೇಹದ ಕೊಬ್ಬಿನಲ್ಲಿ ವಾರಗಟ್ಟಲೆ ಉಳಿಯುವುದನ್ನೂ, ಆಗತಾನೆ ಮನಸ್ಸಿನಲ್ಲಿ ಹಿಡಿದದ್ದನ್ನು ಮುಂದಿನದರೊಡನೆ ಹೆಣೆಯುವ ಶಕ್ತಿಗೇ ಅದರ ಪೆಟ್ಟು ಮೊದಲು ಬೀಳುವುದನ್ನೂ ವಿವರಿಸಿದರು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಬಂದ 45,000ಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಗಮನಿಸಿ, ಗಾಂಜಾವನ್ನು ಅತಿಯಾಗಿ ಸೇದಿದವರಲ್ಲಿ ಸ್ಕಿಜೋಫ್ರೀನಿಯ ಸುಮಾರು ಆರು ಪಟ್ಟು ಹೆಚ್ಚು ಕಂಡಿತೆಂಬ, 1987ರ ಕೊನೆಯಲ್ಲಿ ಪ್ರಕಟವಾದ ವರದಿಯನ್ನು ಮುಂದೆ ಓದಿದಾಗ ನನಗೆ ಆ ಬೇವಿನ ಮರದ ನೆನಪಾಯಿತು.

ಸಹವಾಸಿಯನ್ನು ನಾನು ಒಂದು ಸಂಜೆ ಕರೆಸಿ, ಕಾರ್ಡು ಬರೆಯುವ ಬದಲು ನನಗೇ ಏಕೆ ತಿಳಿಸಲಿಲ್ಲವೆಂದು ಕೇಳಿದೆನು. ಅವನು ತುಸು ಹೊತ್ತು ನೆಲ ನೋಡಿ, "ನಿಮಗ ಹೇಳಿದ್ರ ಹಾಸ್ಟೆಲ್ ಬಿಡಸ್ತಿದ್ರಿ ಸರ. ಅವರಪ್ಪ ಮನಿ ಬಿಡಸೂದಿಲ್ಲಲ್ರೀ," ಎಂದನು. ನಿಯಮಾವಳಿಯಲ್ಲಿ ಇದ್ದುದೂ ಅದೇ ದಂಡನೆ. ಸಿಕ್ಕವನನ್ನು ಹೊರಗೆ ಹಾಕುವುದು. ಹೊರಗೆ ಹಾಕಲ್ಪಟ್ಟವನು ಎಲ್ಲಿಗೆ ಹೋಗುವನೆಂಬುದಕ್ಕೆ ನಿಯಮಾವಳಿಯಲ್ಲಿ ಕಲಮು ಇರಲಿಲ್ಲ. ದಂಡನೆ ಹಾಗಿದ್ದುದರಿಂದಲೇ ಗೆಳೆಯರ ಮೌನಕ್ಕೆ ಒಂದು ಧರ್ಮದ ಬಣ್ಣವೂ ಬಂದಿತ್ತು. ಅಂಥ ಧರ್ಮವನ್ನು ಮುರಿದವನಿಗೆ ಏನಾಗಬೇಕೋ ಅದು ಆ ಗಣಿತದ ಹುಡುಗನಿಗೆ ಆಯಿತು. ಚಾಡಿಕೋರನೆಂಬ ಹೆಸರು ಬಂದಿತು. ಅವನು ತಟ್ಟೆ ತಂದು ಕೂತರೆ ಆ ಸಾಲಿನವರು ತಟ್ಟೆ ಎತ್ತಿಕೊಂಡು ಹೋಗುವರು. ವರ್ಷ ಮುಗಿಯುವವರೆಗೂ ಅವನು ಊಟದ ಮನೆಯ ಕಿಟಕಿಯ ಬಳಿ ಒಬ್ಬನೇ ಕುಳಿತು ಉಂಡು, ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿ, ಯಾರಿಗೂ ಹೇಳದೆ ಊರಿಗೆ ಹೋದನು.

ಮುಂದೆ 1985ರಲ್ಲಿ ಮಾದಕವಸ್ತುಗಳ ಕಾನೂನು ಬಂದಿತು. 1987ರಲ್ಲಿ ವಿಶ್ವಸಂಸ್ಥೆ ಜೂನ್ 26ನ್ನು ಮಾದಕವಸ್ತುಗಳ ವಿರುದ್ಧದ ದಿನವೆಂದು ಗೊತ್ತುಮಾಡಿತು. ನಮ್ಮಲ್ಲಿಯೂ ಭಾಷಣ, ಮೆರವಣಿಗೆ, ಪ್ರಬಂಧಸ್ಪರ್ಧೆಗಳು ನಡೆದವು. ಒಂದು ವರ್ಷ 'ಮಾದಕವಸ್ತು: ಯುವಜನರ ಶತ್ರು' ಎಂಬ ಪ್ರಬಂಧಕ್ಕೆ ಬಹುಮಾನ ಗೆದ್ದವನು, ಬಹುಮಾನದ ಹಣದಲ್ಲಿ ಗೆಳೆಯರಿಗೆ ಏನನ್ನು ಸೇದಿಸಿದನೆಂಬುದು ನಿಲಯಕ್ಕೆಲ್ಲ ಗೊತ್ತಿತ್ತು. ಪ್ರಬಂಧವೇನೋ ಚೆನ್ನಾಗಿಯೇ ಇತ್ತು.

ರೋಣದ ಹುಡುಗನು ಎಂ.ಎ. ಮುಗಿಸಲಿಲ್ಲ. ಎರಡು ಸಲ ಬಿಟ್ಟು ಎರಡು ಸಲ ಮತ್ತೆ ಹಿಡಿದನೆಂದೂ, ಆಮೇಲೆ ತಂದೆಯೊಡನೆ ಹೊಲಕ್ಕೆ ನಿಂತನೆಂದೂ ವರ್ತಮಾನ ಬರುತ್ತಿತ್ತು. 1990ರ ಬೇಸಿಗೆಯಲ್ಲಿ ಅವನ ಲಗ್ನಪತ್ರಿಕೆ ಬಂದಿತು; ಹೋದೆನು. ಗಂಡಿನ ಕಡೆಯ ಪಂಕ್ತಿಯಲ್ಲಿ, ಮಡಚಿದ ತೋಳಿನ ಅಂಗಿಯಲ್ಲಿ, ಗೋದಿ ಹುಗ್ಗಿಯ ಬಕೀಟು ಹಿಡಿದು ಬಡಿಸುತ್ತಿದ್ದವನು ರಾಯಚೂರಿನ ಕಡೆಯ ಆ ಗಣಿತದ ಹುಡುಗ. ಆಗ ಯಾವುದೋ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದನಂತೆ. ಹಾಜರಿಗೆ ಓಗೊಟ್ಟವರು, ಬಾಕಿ ತೀರಿಸಿದವರು, ಅಕ್ಷರ ಅನುಕರಿಸಿದವರು ಯಾರೂ ಅಲ್ಲಿ ಕಾಣಲಿಲ್ಲ. ಅಕ್ಷತೆಯ ಗದ್ದಲ ಇಳಿದ ಮೇಲೆ ಮದುಮಗನ ಬಳಿ ಹೋಗಿ, ನಿಮ್ಮಿಬ್ಬರ ನಡುವಿನ ಮುನಿಸು ತೀರಿತೆಂದು ಸಂತೋಷವಾಯಿತು ಎಂದೆನು.

"ಸಿಟ್ಟು ಇನ್ನೂ ಹೋಗಿಲ್ರೀ ಸರ," ಎಂದನು ಅವನು, ಬಾಸಿಂಗವನ್ನು ಸರಿಪಡಿಸಿಕೊಳ್ಳುತ್ತ. "ಆದ್ರ ಕರಿಯಾಕ ಬ್ಯಾರೆ ಯಾರದಾರ್ರಿ?"